‘ಸರ್ವರ್ ಡೌನ್’ ಎಂಬ ಸುದ್ದಿಗೆ ಒಂದು ಅಂಕಿ ಬೇಕು

ಸ್ಟ್ರಿಂಗರ್ ಆದವರೆಲ್ಲ ವರ್ಷಕ್ಕೆ ನಾಲ್ಕೈದು ಸಲವಾದರೂ ಬರೆಯುವ ಸುದ್ದಿಯೊಂದಿದೆ: ‘ಸರ್ವರ್ ಸಮಸ್ಯೆ, ಸಾರ್ವಜನಿಕರ ಪರದಾಟ’. ಊರಿನ ಹೆಸರು ಬದಲಿಸಿದರೆ ಸಾಕು, ಹಳೆಯ ಕಾಪಿಯೇ ನಡೆಯುತ್ತದೆ. ಉಡುಪಿಗೂ ಅದೇ, ಕಾಪುವಿಗೂ ಅದೇ, ಕಾರ್ಕಳಕ್ಕೂ ಅದೇ. ಸರತಿ ಸಾಲಿನ ಒಂದು ಫೋಟೊ, ಹೆಸರು ಹಾಕಬೇಡಿ ಎಂದ ಸಿಬ್ಬಂದಿಯ ಒಂದು ಮಾತು, ‘ಮೇಲಿಂದಲೇ ಸಮಸ್ಯೆ’ ಎಂಬ ಅಧಿಕಾರಿಯ ಒಂದು ಸಾಲು. ಅಲ್ಲಿಗೆ ಸುದ್ದಿ ಮುಗಿಯಿತು.

ಆ ಸುದ್ದಿಯಲ್ಲಿ ಇಲ್ಲದಿರುವುದು ಅಂಕಿ. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಬಂದರೆ ಪ್ರತಿದಿನ ತಾಲೂಕುವಾರು ಎಷ್ಟು ಮಿಲಿಮೀಟರ್ ಮಳೆ ಎಂಬ ಲೆಕ್ಕ ಬೆಳಿಗ್ಗೆಯೇ ಬರುತ್ತದೆ. ಗಾಳಿಗೆ ಎಷ್ಟು ಕಂಬ ಬಿತ್ತು ಎಂದು ಮೆಸ್ಕಾಂ ಹೇಳುತ್ತದೆ. ಮನೆಗೆ ಮರ ಬಿದ್ದರೆ ನಷ್ಟದ ಅಂದಾಜು ರೂಪಾಯಿಯಲ್ಲಿ ಸಿಗುತ್ತದೆ. ಆದರೆ ಕಳೆದ ತಿಂಗಳು ನಿಮ್ಮ ತಾಲೂಕಿನ ಕೌಂಟರಿನಲ್ಲಿ ಸರ್ವರ್ ಒಟ್ಟು ಎಷ್ಟು ಗಂಟೆ ಸಿಗಲಿಲ್ಲ ಎಂದು ಕೇಳಿ ನೋಡಿ. ‘ಸರ್ವರ್ ಇಜ್ಜಿ ಮಾರಾಯ್ರೆ’ ಎಂದು ತುಳುವಿನಲ್ಲಿ ಹೇಳುವವರು ನೂರು ಮಂದಿ ಸಿಗುತ್ತಾರೆ, ಎಷ್ಟು ಹೊತ್ತು ಇರಲಿಲ್ಲ ಎಂದು ಹೇಳುವವರು ಸಿಗುವುದಿಲ್ಲ.

ಅಳೆಯುವ ಉಪಕರಣಗಳಿಗೇನೂ ಬರವಿಲ್ಲ. ಹೆಚ್ಚಿನವು ಉಚಿತವಾಗಿಯೇ ಸಿಗುತ್ತವೆ. ತಪ್ಪುತ್ತಿರುವುದು ಯಾವ ಉಪಕರಣ, ಎಲ್ಲಿಂದ ಅಳೆಯಬೇಕು, ಅಳತೆಯನ್ನು ಯಾರಿಗೆ ತೋರಿಸಬೇಕು ಎಂಬ ಆಯ್ಕೆಯಲ್ಲಿ. ಇದನ್ನು ಎಂಜಿನಿಯರುಗಳ ವಿಷಯ ಎಂದು ನಾವು ಪತ್ರಕರ್ತರು ಬಿಟ್ಟುಬಿಟ್ಟಿದ್ದೇವೆ. ಇನ್ನು ಬಿಡಬಾರದು ಎನ್ನುವುದು ನನ್ನ ವಾದ.

ಲೈನ್ ಮನೆಯ ನೀರಿನ ಟ್ಯಾಂಕು

ಮೊದಲು ‘ಸರ್ವರ್’ ಎಂದರೆ ಏನು ಎಂದು ನೋಡೋಣ. ಅದು ತಾಲೂಕು ಕಚೇರಿಯ ಮೂಲೆಯಲ್ಲಿರುವ ಪೆಟ್ಟಿಗೆಯಲ್ಲ. ಸರ್ಕಾರದ ಆನ್‌ಲೈನ್ ಸೇವೆಗಳು ರಾಜ್ಯ ದತ್ತಾಂಶ ಕೇಂದ್ರ, ಎನ್‌ಐಸಿ ಕ್ಲೌಡ್ ಮುಂತಾದ ಕಡೆ ಇರುತ್ತವೆ. ಇಂಥ ಕಡೆ ಒಂದು ಸೇವೆಗೆ ಒಂದು ಯಂತ್ರ ಎಂಬ ಕಾಲ ಹೋಗಿದೆ. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದ ಮೂಲಕ ಹತ್ತಾರು ಪಾಲು ಮಾಡುತ್ತಾರೆ. ಒಂದೊಂದು ಪಾಲೂ ತಾನೇ ಪೂರ್ತಿ ಕಂಪ್ಯೂಟರ್ ಎಂಬಂತೆ ನಡೆದುಕೊಳ್ಳುತ್ತದೆ. ಅದಕ್ಕೇ ವರ್ಚುವಲ್ ಮಷಿನ್ ಎನ್ನುವುದು.

ಮಣಿಪಾಲದಲ್ಲಿ ಬಾಡಿಗೆಗೆ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಟ್ಟಡ, ಹತ್ತು ಕೋಣೆ, ಮೇಲೆ ಒಂದೇ ಟ್ಯಾಂಕು. ಪ್ರತಿ ಕೋಣೆಗೂ ಬೇರೆ ನಲ್ಲಿ, ಬೇರೆ ಬೀಗ. ನಿಮ್ಮ ಕೋಣೆ ನಿಮ್ಮದೇ. ಆದರೆ ಬೆಳಿಗ್ಗೆ ಏಳೂವರೆಗೆ ಹತ್ತೂ ಜನ ಒಟ್ಟಿಗೆ ನಲ್ಲಿ ತಿರುಗಿಸಿದರೆ ನಿಮ್ಮ ಬಕೆಟ್ ತುಂಬುವುದಿಲ್ಲ. ಆಗ ನೀವು ನಿಮ್ಮ ಕೋಣೆಯ ಮೀಟರ್ ಮಾತ್ರ ನೋಡಿದರೆ ‘ನಾನು ಹೆಚ್ಚು ನೀರು ಬಳಸುತ್ತಿಲ್ಲವಲ್ಲ’ ಎಂದು ತೋರಿಸುತ್ತದೆ. ತೊಂದರೆ ಮೀಟರಿನಲ್ಲಿಲ್ಲ, ಟ್ಯಾಂಕಿನಲ್ಲಿದೆ.

ವರ್ಚುವಲ್ ಮಷಿನ್ನಿನಲ್ಲೂ ಹೀಗೇ ಆಗುತ್ತದೆ. ಒಳಗಿನಿಂದ ನೋಡಿದರೆ ಪ್ರೊಸೆಸರ್ ಬಳಕೆ ಶೇ. 40 ಮಾತ್ರ ಎಂದು ಕಾಣಬಹುದು. ಆದರೆ ಅದು ತನ್ನ ಸರದಿಗಾಗಿ ದೊಡ್ಡ ಯಂತ್ರದ ಬಾಗಿಲಲ್ಲಿ ಕಾಯುತ್ತಿರಬಹುದು. ಈ ಕಾಯುವ ಸಮಯಕ್ಕೆ ವಿಎಂವೇರ್‌ನಲ್ಲಿ ‘ರೆಡಿ’ ಎಂದೂ, ಲಿನಕ್ಸ್‌ನಲ್ಲಿ ‘ಸ್ಟೀಲ್’ ಎಂದೂ ಹೆಸರು. 20 ಸೆಕೆಂಡಿನ ಒಂದು ಅಳತೆಯಲ್ಲಿ 1 ಸೆಕೆಂಡ್ ಹೀಗೆ ಕಾದರೆ ಶೇ. 5 ಎಂದು ಲೆಕ್ಕ. ಅದರಿಂದ ಮೇಲೆ ಹೋದರೆ ಬಳಸುವವರಿಗೆ ನಿಧಾನ ಗೊತ್ತಾಗತೊಡಗುತ್ತದೆ ಎಂಬುದು ಈ ಕೆಲಸ ಮಾಡುವವರ ರೂಢಿಯ ಮಾತು. ಈ ಒಂದು ಅಂಕಿಯನ್ನು ತೋರಿಸದ ಉಪಕರಣ ವರ್ಚುವಲ್ ಮಷಿನ್‌ಗಳ ನಿಗಾಕ್ಕೆ ಸಾಲದು.

ಸರಾಸರಿ ಎಂಬ ಪರದೆ

ಎರಡನೆಯದು ‘ರಿಯಲ್ ಟೈಮ್’ ಎಂಬ ಮಾತು. ಮಾರಾಟಗಾರರೆಲ್ಲ ಈ ಮಾತು ಹೇಳುತ್ತಾರೆ. ಕೇಳಬೇಕಾದದ್ದು ಎಷ್ಟು ಸೆಕೆಂಡಿಗೊಮ್ಮೆ ಅಳೆಯುತ್ತೀರಿ, ಆ ಅಳತೆಯನ್ನು ಎಷ್ಟು ದಿನ ಹಾಗೇ ಇಡುತ್ತೀರಿ ಎಂದು.

ಒಂದು ಸಣ್ಣ ಲೆಕ್ಕ ಮಾಡೋಣ. ಬೆಳಿಗ್ಗೆ ಕಚೇರಿಗಳು ತೆರೆದ ಹೊತ್ತು. 40 ಸೆಕೆಂಡ್ ಯಂತ್ರ ಪೂರ್ತಿ ನೂರಕ್ಕೆ ನೂರು ಒತ್ತಡದಲ್ಲಿತ್ತು, ಉಳಿದ 260 ಸೆಕೆಂಡ್ ಶೇ. 20ರಲ್ಲಿತ್ತು ಎಂದುಕೊಳ್ಳಿ. ಐದು ನಿಮಿಷದ ಸರಾಸರಿ ತೆಗೆದರೆ ಸುಮಾರು ಶೇ. 31. ಡ್ಯಾಷ್‌ಬೋರ್ಡ್ ಹಸಿರು. ಆದರೆ ಆ 40 ಸೆಕೆಂಡಿನಲ್ಲಿ ‘ಸಬ್ಮಿಟ್’ ಒತ್ತಿದವರ ಅರ್ಜಿ ಹೋಗಲಿಲ್ಲ, ಒಟಿಪಿ ಅವಧಿ ಮುಗಿಯಿತು, ಫಾರಂ ಮೊದಲಿನಿಂದ ತುಂಬಬೇಕಾಯಿತು. ಬೆಂಗಳೂರಿನಲ್ಲಿ ಕೂತವರಿಗೆ ಏನೂ ಆಗಲೇ ಇಲ್ಲ. ಕಾರ್ಕಳದ ಕೌಂಟರಿನಲ್ಲಿ ಅರ್ಧ ಗಂಟೆ ಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನು ಸಂಗ್ರಹದ ವಿಷಯ. ಬಹಳ ಕಡೆ ಬಳಕೆಯಲ್ಲಿರುವ ವಿಎಂವೇರ್‌ನ ವಿಸೆಂಟರ್, ಸಾಮಾನ್ಯ ಹೊಂದಾಣಿಕೆಯಲ್ಲಿ, 20 ಸೆಕೆಂಡಿನ ಅಳತೆಯನ್ನು ಒಂದು ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ಒಂದು ದಿನದವರೆಗೆ 5 ನಿಮಿಷದ ಸರಾಸರಿ, ಒಂದು ವಾರದವರೆಗೆ 30 ನಿಮಿಷದ್ದು, ಒಂದು ತಿಂಗಳವರೆಗೆ 2 ಗಂಟೆಯದ್ದು, ಅದರಾಚೆಗೆ ದಿನಕ್ಕೊಂದು. ಎಂದರೆ, ಕಳೆದ ತಿಂಗಳ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಏನಾಯಿತು ಎಂದು ನೀವು ಇವತ್ತು ಕೇಳಿದರೆ, ಬೇರೆ ವ್ಯವಸ್ಥೆ ಮಾಡಿಕೊಂಡಿರದಿದ್ದರೆ, ಅಧಿಕಾರಿಯ ಬಳಿಯೂ ಸರಿಯಾದ ಉತ್ತರ ಇರುವುದಿಲ್ಲ. ಸಾಕ್ಷ್ಯ ತಾನಾಗಿ ಕರಗಿರುತ್ತದೆ.

ಕಾವೇರಿಯ ಪಾಠ

ಅಳತೆ ಎಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಆಸ್ತಿ ನೋಂದಣಿಯ ‘ಕಾವೇರಿ 2.0’ 2023ರಲ್ಲಿ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಿಗೆ ಬಂತು. 2025ರ ಆರಂಭದಲ್ಲಿ ಅದು ದಿನಗಟ್ಟಲೆ ಕುಂಟಿತು. ನೋಂದಣಿಗೆಂದು ಮುಂಬಯಿಯಿಂದಲೋ ದುಬೈಯಿಂದಲೋ ರಜೆ ಹಾಕಿ ಬರುವವರು ನಮ್ಮ ಕರಾವಳಿಯಲ್ಲಿ ಎಷ್ಟು ಮಂದಿ ಎಂದು ನಿಮಗೆ ಗೊತ್ತು. ಅವರ ಒಂದು ದಿನ ತಪ್ಪಿದರೆ ಟಿಕೆಟ್ಟೇ ಬದಲಾಗಬೇಕು.

ಮೊದಲು ಎಲ್ಲರೂ ‘ಸರ್ವರ್ ಸಮಸ್ಯೆ’ ಎಂದೇ ಬರೆದರು. ಆಮೇಲೆ ಅದು ಬೇಕೆಂದೇ ನಡೆಸಿದ ಸೈಬರ್ ದಾಳಿ ಎಂದು ಸರ್ಕಾರ ಹೇಳಿತು, ಪೊಲೀಸರಿಗೆ ದೂರು ಹೋಯಿತು. ನಕಲಿ ಖಾತೆಗಳಿಂದ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳನ್ನು ಕಳಿಸಲಾಗಿತ್ತು ಎಂದು ಆಗಿನ ವರದಿಗಳು ಹೇಳಿದವು.

ಇದರಲ್ಲಿ ಗಮನಿಸಬೇಕಾದದ್ದಿದೆ. ಪ್ರೊಸೆಸರ್, ಮೆಮೊರಿ ಮಾತ್ರ ನೋಡುವ ಉಪಕರಣಕ್ಕೆ ದಾಳಿಯೂ ಒಂದೇ, ಮಾರ್ಚ್ ಕೊನೆಯ ನೋಂದಣಿ ನೂಕುನುಗ್ಗಲೂ ಒಂದೇ. ಎರಡರಲ್ಲೂ ಗೆರೆ ಮೇಲೆ ಹೋಗುತ್ತದೆ. ಯಾವ ಪುಟಕ್ಕೆ, ಯಾವ ಖಾತೆಯಿಂದ, ನಿಮಿಷಕ್ಕೆ ಎಷ್ಟು ಕೋರಿಕೆ ಬರುತ್ತಿದೆ ಎಂದು ಅಳೆಯುವ ವ್ಯವಸ್ಥೆ ಇದ್ದರೆ ಮಾತ್ರ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳುತ್ತದೆ. ಮಲೇರಿಯಾವೋ ಇಲಿಜ್ವರವೋ ಎಂದು ತಿಳಿಯಲು ರಕ್ತ ಪರೀಕ್ಷೆ ಬೇಕು.

ಹಾಗಾದರೆ ಯಾವುದನ್ನು ಆರಿಸುವುದು?

ಇದು ಸರ್ಕಾರದ ತಲೆನೋವು ಮಾತ್ರವಲ್ಲ. ನಮ್ಮ ಜಿಲ್ಲೆಯ ಸಹಕಾರಿ ಸಂಘಗಳು, ಕಾಲೇಜುಗಳು, ಆಸ್ಪತ್ರೆಗಳು, ಉಡುಪಿ–ಮಣಿಪಾಲದ ಸಣ್ಣ ಸಾಫ್ಟ್‌ವೇರ್ ಕಂಪನಿಗಳು ಎಲ್ಲವೂ ಈಗ ವರ್ಚುವಲ್ ಮಷಿನ್‌ಗಳ ಮೇಲೇ ನಿಂತಿವೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಅನ್ನು ಕೊಂಡು, ಒಮ್ಮೆ ಕೊಂಡರೆ ಸಾಕೆಂಬ ಪರವಾನಗಿ ನಿಲ್ಲಿಸಿ ಚಂದಾ ಪದ್ಧತಿ ತಂದ ಮೇಲೆ ಸಣ್ಣ ಸಂಸ್ಥೆಗಳು ಪ್ರಾಕ್ಸ್‌ಮಾಕ್ಸ್‌ನಂಥ ಮುಕ್ತ ತಂತ್ರಾಂಶದ ಕಡೆ ನೋಡುತ್ತಿವೆ. ಮನೆ ಬದಲಿಸುವಾಗ ಮೀಟರನ್ನೂ ಹೊಸದಾಗಿ ಆರಿಸಬೇಕಾಗುತ್ತದೆ.

ಹೆಸರುಗಳು ಹಲವು. ನಾಗಿಯೋಸ್ 1999ರಿಂದ ಇರುವ ಹಿರಿಯ; ಇದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಗಟ್ಟಿ, ಪ್ರವೃತ್ತಿ ತೋರಿಸುವುದರಲ್ಲಿ ಸಪ್ಪೆ. ಲಾಟ್ವಿಯಾದಲ್ಲಿ ಹುಟ್ಟಿದ ಜ್ಯಾಬಿಕ್ಸ್ ಅಳತೆ, ಸಂಗ್ರಹ, ಎಚ್ಚರಿಕೆ ಮೂರನ್ನೂ ಒಂದೇ ಕಡೆ ಕೊಡುತ್ತದೆ. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಶುರುವಾದ ಪ್ರೊಮೀಥಿಯಸ್, ಜೊತೆಗೆ ಚಿತ್ರ ಬಿಡಿಸಲು ಗ್ರಫಾನಾ, ಇದು ಈಗ ಎಂಜಿನಿಯರುಗಳ ಮೆಚ್ಚಿನ ಜೋಡಿ. ಆದರೆ ಕಟ್ಟಿ ನಿಲ್ಲಿಸಲು, ನೋಡಿಕೊಳ್ಳಲು ಬಲ್ಲವರು ಬೇಕು. ನೆಟ್‌ಡೇಟಾ ಸೆಕೆಂಡಿಗೊಮ್ಮೆ ಅಳೆದು ತೋರಿಸುತ್ತದೆ. ಈ ಕ್ಷಣ ಏನಾಗುತ್ತಿದೆ ಎಂದು ನೋಡಲು ಅದರಷ್ಟು ಸುಲಭದ್ದು ಕಡಿಮೆ. ಡಾಲರಿನಲ್ಲಿ ತಿಂಗಳ ಬಿಲ್ ಕಳಿಸುವ ವಿದೇಶಿ ಸೇವೆಗಳೂ ಇವೆ. ಯಂತ್ರದ ಸಂಖ್ಯೆ ಹೆಚ್ಚಿದಂತೆ ಬಿಲ್ಲೂ ಹೆಚ್ಚುತ್ತದೆ.

ಯಾವುದು ಶ್ರೇಷ್ಠ ಎಂದು ಕೇಳುವುದಕ್ಕಿಂತ ಮೂರು ಪ್ರಶ್ನೆ ಕೇಳುವುದು ಲೇಸು.

ಒಂದು, ಎಲ್ಲಿಂದ ಅಳೆಯುತ್ತದೆ? ಯಂತ್ರದ ಒಳಗಿನಿಂದ, ಅದನ್ನು ಹೊತ್ತ ದೊಡ್ಡ ಯಂತ್ರದಿಂದ, ಬಳಸುವವನ ಕೌಂಟರಿನಿಂದ, ಈ ಮೂರು ಕಡೆಯಿಂದಲೂ ಬೇಕು. ಕಾಪುವಿನ ದೀಪಸ್ತಂಭ 1901ರದ್ದು. ದೀಪ ಉರಿಯುತ್ತಿದೆ ಎಂದು ಬುಡದಲ್ಲಿ ನಿಂತವನಿಗೆ ಕಾಣುವುದು ಮುಖ್ಯವಲ್ಲ. ಕಡಲಿನಲ್ಲಿರುವ ದೋಣಿಗೆ ಕಾಣಬೇಕು. ಕೌಂಟರಿನ ಕಂಪ್ಯೂಟರಿನಿಂದ ನಿಮಿಷಕ್ಕೊಮ್ಮೆ ಸೇವೆಯನ್ನು ತಟ್ಟಿ ನೋಡಿ, ಉತ್ತರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡುವ ಸಣ್ಣ ತಂತ್ರಾಂಶಗಳಿಗೆ ಖರ್ಚೇ ಇಲ್ಲ. ಇದನ್ನು ಇಲಾಖೆಯೇ ಮಾಡಬೇಕು. ನಾವು ಹೊರಗಿನವರು ಸರ್ಕಾರಿ ತಾಣಕ್ಕೆ ಯಂತ್ರದಿಂದ ತಟ್ಟುತ್ತಾ ಕೂರುವುದು ಸರಿಯಲ್ಲ.

ಎರಡು, ಎಷ್ಟು ದಿನ ಇಟ್ಟುಕೊಳ್ಳುತ್ತದೆ? ಒಂದು ಗಂಟೆಯ ನೆನಪು ಸಾಲದು. ಇಡುವ ಜಾಗವೂ ಮುಖ್ಯ. ನಿಗಾ ಉಪಕರಣವನ್ನು ಅದೇ ಯಂತ್ರದ ಇನ್ನೊಂದು ಪಾಲಿನಲ್ಲಿ ಕೂರಿಸಿದರೆ, ಯಂತ್ರ ಮಲಗಿದಾಗ ಕಾವಲುಗಾರನೂ ಮಲಗುತ್ತಾನೆ.

ಮೂರು, ಕೆಟ್ಟರೆ ಯಾರ ಫೋನ್ ರಿಂಗಾಗುತ್ತದೆ, ಆತ ಏನು ಮಾಡಬಲ್ಲ? ಒಬ್ಬನೇ ಐಟಿ ಹುಡುಗನಿರುವ ಸಹಕಾರಿ ಸಂಘಕ್ಕೆ ದಿನಕ್ಕೆ ಇನ್ನೂರು ಎಚ್ಚರಿಕೆ ಸಂದೇಶ ಕಳಿಸುವ ಉಪಕರಣ ಹಾಕಿಕೊಟ್ಟರೆ ಮೂರನೇ ದಿನ ಆತ ಅದನ್ನು ಮ್ಯೂಟ್ ಮಾಡುತ್ತಾನೆ. ಐದೇ ಎಚ್ಚರಿಕೆ ಸಾಕು: ಸೇವೆ ಸಿಗುತ್ತಿಲ್ಲ, ಉತ್ತರ ನಿಧಾನ, ಡಿಸ್ಕ್ ತುಂಬುತ್ತಿದೆ, ಯಂತ್ರ ಸರದಿಗೆ ಕಾಯುತ್ತಿದೆ, ಬ್ಯಾಕಪ್ ಆಗಿಲ್ಲ. ಇಂಥ ಸಣ್ಣ ಸಂಸ್ಥೆಗೆ ಪ್ರತ್ಯೇಕ ಹಳೆಯ ಕಂಪ್ಯೂಟರಿನಲ್ಲಿ ಒಂದು ಜ್ಯಾಬಿಕ್ಸ್, ಕೌಂಟರಿನಲ್ಲಿ ಒಂದು ತಟ್ಟುವ ತಂತ್ರಾಂಶ ಸಾಕು ಎಂದು ನನ್ನ ಅಭಿಪ್ರಾಯ. ಐದಾರು ಎಂಜಿನಿಯರುಗಳಿರುವ ಕಂಪನಿಗಾದರೆ ಪ್ರೊಮೀಥಿಯಸ್ ಇರಲಿ.

ಬಾಗಿಲಿಗೆ ಹೋಗಿ ಲೆಕ್ಕ ಬರೆಯುವುದು ಈ ಊರಿಗೆ ಹೊಸದೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟ್ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಾದರೂ ಸಂಗ್ರಹಿಸಿ ಬರೆದುಕೊಳ್ಳುತ್ತಿದ್ದ. ಲೆಕ್ಕ ಶುರುವಾಗುತ್ತಿದ್ದದ್ದು ಗ್ರಾಹಕನ ಹೊಸ್ತಿಲಲ್ಲಿ.

ಶುರುವಾಗದ ಸಕಾಲದ ಗಡಿಯಾರ

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಕರ್ನಾಟಕದಲ್ಲಿ ಸಕಾಲ ಕಾಯ್ದೆ ಇದೆ. 2011ರಲ್ಲಿ ಬಂದು 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾದದ್ದು. ಅರ್ಜಿ ಕೊಟ್ಟರೆ 15 ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಒಳ್ಳೆಯ ಕಾನೂನು.

ಆದರೆ ಆ ಗಡಿಯಾರ ಶುರುವಾಗುವುದು ಅರ್ಜಿ ಒಳಗೆ ಹೋದ ಮೇಲೆ. ಸರ್ವರ್ ಇಲ್ಲದಿದ್ದರೆ ಅರ್ಜಿ ಒಳಗೆ ಹೋಗುವುದಿಲ್ಲ. ಅರ್ಜಿ ಹೋಗದಿದ್ದರೆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದಿದ್ದರೆ ಸರ್ಕಾರದ ಲೆಕ್ಕದಲ್ಲಿ ನೀವು ಬಂದೇ ಇಲ್ಲ.

ಮೇ–ಜೂನ್ ತಿಂಗಳಲ್ಲಿ ಮಗಳ ಕಾಲೇಜಿಗೆ ಜಾತಿ–ಆದಾಯ ಪ್ರಮಾಣಪತ್ರ ಬೇಕೆಂದು ಕಾರ್ಕಳದ ಒಳಗಿನ ಊರಿನಿಂದ ಬಸ್ಸು ಹಿಡಿದು ಬರುವ ಬೀಡಿ ಕಟ್ಟುವ ಹೆಂಗಸಿನ ಲೆಕ್ಕ ಹಾಕಿ. ಮೊದಲ ದಿನ ಸರ್ವರ್ ಇಲ್ಲ, ಎರಡನೇ ದಿನ ನಿಧಾನ, ಮೂರನೇ ದಿನ ಅರ್ಜಿ ಹೋಯಿತು. ಸಕಾಲದ ದಾಖಲೆಯಲ್ಲಿ ಆ ಅರ್ಜಿ ಸಮಯಕ್ಕೆ ಸರಿಯಾಗಿ ವಿಲೇವಾರಿ. ಎರಡು ದಿನದ ಬೀಡಿ, ಎರಡು ಸಲದ ಬಸ್ ಚಾರ್ಜು, ಕೌಂಟರಿನವರ ಜೊತೆಗಿನ ಜಗಳ ಯಾವ ಕಡತದಲ್ಲೂ ಇಲ್ಲ. ವಿಲೇವಾರಿಯ ಪಟ್ಟಿಯಲ್ಲಿ ಜಿಲ್ಲೆ ಮುಂದೆ ಎಂದು ನಾವೇ ಬರೆಯುತ್ತೇವೆ. ಅರ್ಜಿಯೇ ಹೋಗದ ಗಂಟೆಗಳನ್ನು ಅಳೆದು ಸೇರಿಸದ ಹೊರತು ಆ ಪಟ್ಟಿಗೆ ಅರ್ಧ ಅರ್ಥ ಮಾತ್ರ.

‘ತೋರಿಸಿದರೆ ಅಪಾಯ’ ಎಂಬ ವಾದ

ಇದಕ್ಕೆ ಬರುವ ಉತ್ತರ ಗೊತ್ತಿದೆ. ಸರ್ವರ್‌ಗಳ ಮಾಹಿತಿ ಬಹಿರಂಗ ಮಾಡಿದರೆ ಹ್ಯಾಕರ್‌ಗಳಿಗೆ ಅನುಕೂಲ ಎನ್ನುತ್ತಾರೆ. ಯಂತ್ರದ ವಿಳಾಸ, ತಂತ್ರಾಂಶದ ಆವೃತ್ತಿ ಗುಟ್ಟಾಗಿಯೇ ಇರಲಿ, ತಕರಾರಿಲ್ಲ. ಆದರೆ ಕಾಪುವಿನ ಕೌಂಟರಿನಲ್ಲಿ ಇವತ್ತು ಒಂದೂವರೆ ಗಂಟೆ ಸೇವೆ ಸಿಗಲಿಲ್ಲ ಎಂಬುದು ಗುಟ್ಟಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಅದು ಗೊತ್ತು. ಗೊತ್ತಿಲ್ಲದಿರುವುದು ದಾಖಲೆಗೆ ಮಾತ್ರ.

ಯುಪಿಐ ನಡೆಸುವ ಎನ್‌ಪಿಸಿಐ ಯಾವ ಬ್ಯಾಂಕಿನಲ್ಲಿ ಶೇಕಡಾ ಎಷ್ಟು ವಹಿವಾಟು ತಾಂತ್ರಿಕ ಕಾರಣಕ್ಕೆ ವಿಫಲವಾಯಿತು ಎಂದು ತಿಂಗಳು ತಿಂಗಳೂ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಅದರಿಂದ ಬ್ಯಾಂಕುಗಳೇನೂ ಮುಳುಗಲಿಲ್ಲ. ದುಡ್ಡಿನ ವ್ಯವಹಾರವೇ ಇಷ್ಟು ತೆರೆದಿಡಬಹುದಾದರೆ ಜಾತಿ ಪ್ರಮಾಣಪತ್ರದ ಕೌಂಟರಿಗೆ ಏನು ಅಡ್ಡಿ?

ಇನ್ನೊಂದು ಉತ್ತರವೂ ಇದೆ, ಅದರಲ್ಲಿ ಸತ್ಯವೂ ಇದೆ: ಎಲ್ಲ ಸಲ ಸರ್ವರ್‌ದೇ ತಪ್ಪಲ್ಲ. ಮರ ಬಿದ್ದು ಕೇಬಲ್ ತುಂಡಾಗಿರಬಹುದು, ಬೆರಳಚ್ಚು ಯಂತ್ರ ಕೆಟ್ಟಿರಬಹುದು, ಆಧಾರ್ ಒಟಿಪಿ ತಡವಾಗಿರಬಹುದು, ಕರೆಂಟೇ ಇಲ್ಲದಿರಬಹುದು. ಸರಿ. ಅದಕ್ಕಾಗಿಯೇ ಕೌಂಟರಿನಿಂದ ಅಳೆಯಬೇಕು ಎನ್ನುವುದು. ಒಳಗಿನ ಅಳತೆ ಚೆನ್ನಾಗಿದ್ದು ಕೌಂಟರಿನ ಅಳತೆ ಕೆಟ್ಟಿದ್ದರೆ ದಾರಿಯಲ್ಲಿ ತೊಂದರೆ. ಎರಡೂ ಕೆಟ್ಟಿದ್ದರೆ ಬೆಂಗಳೂರಿನಲ್ಲಿ ತೊಂದರೆ. ಈ ಅಳತೆಯಿಂದ ಮೊದಲು ರಕ್ಷಣೆ ಸಿಗುವುದು ಕೌಂಟರಿನಲ್ಲಿ ಕೂತ ಗುತ್ತಿಗೆ ನೌಕರರಿಗೆ. ಇವತ್ತು ಎಲ್ಲರ ಬೈಗುಳ ತಿನ್ನುವವರು ಅವರೇ, ‘ನಾನಲ್ಲ’ ಎಂದು ತೋರಿಸಲು ಅವರ ಬಳಿ ಏನೂ ಇಲ್ಲ.

ನಮ್ಮ ಕೆಲಸ

ಕಾನೂನಿನ ಬಲವೂ ಇದೆ. 2022ರ ಏಪ್ರಿಲ್ 28ರ ಸರ್ಟ್–ಇನ್ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳೂ ಸೇರಿ ಎಲ್ಲರೂ ತಮ್ಮ ಗಣಕ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಮು ‘ಮಾಹಿತಿ’ಯ ವ್ಯಾಖ್ಯೆಯಲ್ಲಿ ಲಾಗ್‌ಬುಕ್ಕನ್ನೂ ವಿದ್ಯುನ್ಮಾನ ರೂಪದಲ್ಲಿರುವ ದತ್ತಾಂಶವನ್ನೂ ಹೆಸರಿಸಿಯೇ ಸೇರಿಸಿದೆ. ‘ಸರ್ವರ್ ಯಾಕೆ ಕೆಟ್ಟಿತು’ ಎಂದು ಕೇಳಿದರೆ ಪ್ರಶ್ನೆ ಕೇಳಬೇಡಿ, ಮಾಹಿತಿ ಕೇಳಿ ಎಂದು ಅರ್ಜಿ ವಾಪಸ್ ಬರಬಹುದು. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಸೇವೆ ಲಭ್ಯವಿಲ್ಲದ ಅವಧಿಯ ದಾಖಲೆಯ ಪ್ರತಿ ಕೊಡಿ’ ಎಂದು ಕೇಳಬೇಕು. 180 ದಿನದೊಳಗೆ ಕೇಳಬೇಕು.

ಜಿಲ್ಲಾಡಳಿತದಿಂದ, ಸರ್ಕಾರದಿಂದ ಕೇಳಬೇಕಾದ್ದು ಮೂರು. ತಾಲೂಕುವಾರು ಮಳೆ ಲೆಕ್ಕದಂತೆ ತಾಲೂಕುವಾರು ಸೇವೆ ಸಿಗದ ನಿಮಿಷಗಳ ಲೆಕ್ಕ ದಿನಾ ಬರಲಿ. ಸಕಾಲದ ವರದಿಯಲ್ಲಿ ಆ ನಿಮಿಷಗಳಿಗೆ ಒಂದು ಕಾಲಂ ಇರಲಿ. ಸೇವೆ ಇಲ್ಲದ ದಿನ ಬಂದವರಿಗೆ ಕೈಬರಹದ್ದಾದರೂ ಸರಿ, ದಿನಾಂಕ–ಸಮಯ ಹಾಕಿದ ಒಂದು ಚೀಟಿ ಸಿಗಲಿ. ಸಕಾಲದ ಗಡಿಯಾರ ಆ ಚೀಟಿಯಿಂದ ಶುರುವಾಗಲಿ.

ನಮ್ಮಿಂದಲೂ ಒಂದು ಆಗಬೇಕು. ಕೌಂಟರಿಗೆ ಹೋದಾಗ ಸರ್ವರ್ ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು, ಸಾಲಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನ ಹಾಗೇ ಹೋದರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಉಡುಪಿ, ಕಾಪು, ಕಾರ್ಕಳದಲ್ಲಿ ಒಬ್ಬೊಬ್ಬರು ಒಂದು ತಿಂಗಳು ಹೀಗೆ ಬರೆದರೆ ಈ ಜಿಲ್ಲೆಯಲ್ಲಿ ಮೊದಲ ಬಾರಿ ಒಂದು ಲೆಕ್ಕ ಸಿಗುತ್ತದೆ. ‘ಸರ್ವರ್ ಸಮಸ್ಯೆ, ಪರದಾಟ’ ಎಂಬ ಶೀರ್ಷಿಕೆಗೆ ‘ಪರಿಶೀಲಿಸುತ್ತೇವೆ’ ಎಂದು ಉತ್ತರಿಸಿ ಸುಮ್ಮನಾಗಬಹುದು. ‘ಜೂನ್‌ನಲ್ಲಿ 31 ಗಂಟೆ ಬಾಗಿಲು ಮುಚ್ಚಿದ ಕೌಂಟರ್’ ಎಂದು ಬರೆಯುವ ಹಾಗಾದರೆ ಅಷ್ಟು ಸುಲಭಕ್ಕೆ ಯಾರೂ ಸುಮ್ಮನಾಗಲಾರರು.